ಹಲ್ಲಕ್ಕನ ಕೈ ನಡುಗಿದ್ದು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಂದೇ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷಗಳಿಂದ ಊರವರಿಗೆ ಹಲ್ಲು ಮಾಡಿಕೊಡುತ್ತಿದ್ದವಳು ಅವಳು. ಎಲ್ಲರಿಗೂ ಹಲ್ಲಕ್ಕ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಒಳಕ್ಕೆ ಕಳಿಸಿದರೆ ಅವರ ಕೆಲಸ ಮುಗಿಯಿತು. ಆ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಗಟ್ಟಿಯಾದ ದವಡೆಯ ಮೇಲೆ ಮೇಣದ ಒಸಡು ಕಟ್ಟುವುದು, ಒಂದೊಂದೇ ಹಲ್ಲು ಕೂರಿಸಿ ಬಿಸಿ ಚಾಕುವಿನ ತುದಿಯಿಂದ ತಿದ್ದುವುದು, ಕೊನೆಗೆ ಮೇಣ ತೆಗೆದು ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಕುದಿಸಿ, ಉಜ್ಜಿ ಹೊಳಪು ಕೊಡುವುದು, ಎಲ್ಲವೂ ಹಲ್ಲಕ್ಕನದೇ. ಹೊಸ ಹಲ್ಲು ಹಾಕಿಕೊಂಡವರು ಕನ್ನಡಿ ನೋಡಿ ಹಿಗ್ಗಿ ಹೀರೇಕಾಯಿಯಾಗಿ, ‘ಎಂಥಾ ಕೈಗುಣ ಡಾಕ್ಟ್ರೇ ನಿಮ್ದು’ ಎನ್ನುತ್ತಿದ್ದದ್ದು ಮಾತ್ರ ಮುಂದಿನ ಕೋಣೆಯಲ್ಲಿ. ಡಾಕ್ಟರು ಅದನ್ನು ಒಂದು ದಿನವೂ ಅಲ್ಲಗಳೆದವರಲ್ಲ.

ಹಲ್ಲಕ್ಕ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ‘ಇಷ್ಟೊಂದು ಗಂಡಸರ ಬಾಯಿ ಒಳಗಿಂದ ನೋಡಿದ್ಮೇಲೆ ಯಾರಿಗೆ ಮನಸ್ಸಾಗುತ್ತೆ?’ ಎನ್ನುತ್ತಿದ್ದಳು. ಊರಿನ ದೊಡ್ಡ ಮನುಷ್ಯರೆಲ್ಲ ಅವಳ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳಾಗಿ ಸಾಲಾಗಿ ಕೂತಿದ್ದರು. ಭಾಷಣದಲ್ಲಿ ಗುಡುಗುವವನಿಗೆ ಕೆಳಗಿನ ಒಂದು ಹಲ್ಲೂ ಸ್ವಂತದ್ದಲ್ಲ. ಶುಚಿತ್ವದ ಬಗ್ಗೆ ಪತ್ರಿಕೆಗೆ ಬರೆಯುವ ಮಹನೀಯರ ಅಚ್ಚು ಬಂದ ದಿನ ಅವಳು ಕಿಟಕಿ ತೆರೆದಿಟ್ಟು ಕೆಲಸ ಮಾಡಿದ್ದಳು. ಹೀಗಾಗಿ ಯಾರ ಮೇಲೂ ಅವಳಿಗೆ ಅಂಥಾ ಗೌರವವೇನೂ ಉಳಿದಿರಲಿಲ್ಲ.

ಐವತ್ತೆಂಟನೆಯ ವಯಸ್ಸಿನಲ್ಲಿ ಅವಳ ಕೈ ನಡುಗತೊಡಗಿತು.

ಮೊದಮೊದಲು ಟೀ ಲೋಟ ಬಾಯಿಗೆ ಬರುವಷ್ಟರಲ್ಲಿ ತುಳುಕುತ್ತಿತ್ತು. ಲೋಟದ ಅಳತೆ ಸರಿಯಿಲ್ಲವೆಂದು ಬೈದು ಬೇರೆ ಲೋಟ ತಂದಳು. ಆಮೇಲೆ ಬೀಗದ ಕೈ ಬೀಗದೊಳಗೆ ಹೋಗಲು ತಕರಾರು ಮಾಡಿತು. ಬೀಗ ತುಕ್ಕು ಹಿಡಿದಿದೆ ಎಂದು ಎಣ್ಣೆ ಬಿಟ್ಟಳು. ಆದರೆ ಒಂದು ಬೆಳಿಗ್ಗೆ, ಮುಂದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಮೇಣ ತೆಗೆಯಲು ಹೋದ ಬಿಸಿ ಚಾಕು ಗುಬ್ಬಚ್ಚಿಯ ಕೊಕ್ಕಿನಂತೆ ಕುಕ್ಕಿ ಕುಕ್ಕಿ ಇಡೀ ಒಸಡನ್ನೇ ಹಾಳುಮಾಡಿತು. ಈಗ ಯಾರನ್ನು ಬೈಯುವುದು? ಚಾಕು ಕೆಳಗಿಟ್ಟು ಕೈಯನ್ನು ಮೇಜಿನ ಮೇಲೆ ಚಾಚಿದಳು. ಮೇಜಿನ ಮೇಲೆ ಮಲಗಿದ ಕೈ ಒಳ್ಳೇ ಹುಡುಗಿಯ ಹಾಗೆ ಸುಮ್ಮನಿತ್ತು. ಎತ್ತಿದಳು. ನಡುಗಿತು.

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಯಾವಾಗ ಬಂದರೋ.

‘ಏನಮ್ಮಾ, ಕೈ ಹಾಗ್ಯಾಕೆ?’

‘ಚಳಿ.’

‘ಫ್ಯಾನ್ ಹಾಕ್ಕೊಂಡು ಚಳಿನಾ?’ ಡಾಕ್ಟರು ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಕಿವಿಮಾತು ಹೇಳುವವರಂತೆ ದನಿ ತಗ್ಗಿಸಿದರು. ‘ನಮ್ಮ ನಮ್ಮಲ್ಲಿ ಮುಚ್ಚುಮರೆ ಏನು? ಸಂಜೆ ಹೊತ್ತು ಏನಾದ್ರೂ... ತಗೋತೀರಾ?’

‘ತಗೋತೀನಿ. ಊಟ.’

ಡಾಕ್ಟರು ನಕ್ಕರು. ನಂಬಲಿಲ್ಲ. ಮರುವಾರದ ಹೊತ್ತಿಗೆ ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಚೀಟಿ ಬರೆಯುವವಳಿಂದ ಹಿಡಿದು ಎದುರಿನ ಔಷಧಿ ಅಂಗಡಿಯವನವರೆಗೆ ಎಲ್ಲರಿಗೂ ಹಲ್ಲಕ್ಕ ಕುಡಿಯುತ್ತಾಳೆಂಬುದು ಗೊತ್ತಾಗಿಹೋಗಿತ್ತು. ಔಷಧಿ ಅಂಗಡಿಯವನು ಅವಳನ್ನು ಕಂಡಾಗ ಮರುಕದಿಂದ ತಲೆ ಅಲ್ಲಾಡಿಸುತ್ತಿದ್ದ. ಆ ಮರುಕಕ್ಕಿಂತ ಅವನು ಕಲ್ಲು ಎಸೆದಿದ್ದರೂ ವಾಸಿಯಿತ್ತು. ಅವನ ಎರಡು ದವಡೆ ಹಲ್ಲು ಅವಳೇ ಮಾಡಿಕೊಟ್ಟದ್ದು.

ಮನೆಯಲ್ಲಿ ಬೇರೆಯೇ ಕಾಟ. ಹಲ್ಲಕ್ಕ ಇದ್ದದ್ದು ಅಕ್ಕ-ಭಾವನ ಮನೆಯ ಮಹಡಿಯಲ್ಲಿ. ಭಾವ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿಯಲ್ಲಿ ತಪ್ಪು ಹುಡುಕಿದ ಮನುಷ್ಯನಿಗೆ ಮನೆಯಲ್ಲಿ ಕೂತು ಹುಡುಕಲು ತಪ್ಪುಗಳು ಸಾಲುತ್ತಿರಲಿಲ್ಲ. ನಾದಿನಿಯ ಕೈ ನಡುಗುವುದು ಕಂಡದ್ದೇ ತಡ, ಅವರಿಗೆ ಹೊಸ ಇಲಾಖೆಯೇ ಸಿಕ್ಕಂತಾಯಿತು.

‘ಇದು ನರದೌರ್ಬಲ್ಯ’ ಎಂದು ತೀರ್ಪು ಕೊಟ್ಟರು. ‘ನಾನು ಓದಿದೀನಿ. ಮನಸ್ಸು ಗಟ್ಟಿ ಇಲ್ದೋರಿಗೆ ಬರೋದು.’

‘ನನ್ನ ಮನಸ್ಸು ಗಟ್ಟಿ ಇಲ್ವಾ ಭಾವ?’

‘ನಾಲಿಗೆ ಗಟ್ಟಿ ಇದೆ. ಅದು ಬೇರೆ.’

ಒಂದು ದಿನ ರಬ್ಬರ್ ಚೆಂಡು ತಂದುಕೊಟ್ಟು ನೂರು ಸಲ ಹಿಚುಕಲು ಹೇಳಿದರು. ಇನ್ನೊಂದು ದಿನ ತಾಮ್ರದ ಬಳೆ. ಮತ್ತೊಂದು ದಿನ ಮೊಣಕೈವರೆಗೆ ತಿಕ್ಕಲು ಕರ್ಪೂರದ ವಾಸನೆಯ ಎಣ್ಣೆ. ಎಣ್ಣೆ ಕೈಯಲ್ಲಿ ಚಾಕು ಜಾರಿತೇ ಹೊರತು ನಡುಕ ಒಂದು ಕೂದಲಷ್ಟೂ ಜಗ್ಗಲಿಲ್ಲ. ಕೊನೆಗೆ ಭಾವ ಹಟ ಹಿಡಿದು ಅವಳನ್ನು ಪೇಟೆಯ ಎರಡನೇ ಮಹಡಿಯಲ್ಲಿದ್ದ ಒಂದು ‘ನರಶಕ್ತಿ ಕೇಂದ್ರ’ಕ್ಕೆ ಕರೆದೊಯ್ದರು. ಬಿಳಿ ಕೋಟಿನವನೊಬ್ಬ ಅವಳ ಎರಡು ಕೈಗೂ ತಂತಿ ಸುತ್ತಿದ ಪಟ್ಟಿ ಕಟ್ಟಿ, ಒಂದು ಪೆಟ್ಟಿಗೆಯ ಗುಂಡಿ ಒತ್ತಿದ. ಪೆಟ್ಟಿಗೆ ಜೇನುಹುಳದ ಹಾಗೆ ಗುಂಯ್ ಎಂದಿತು.

‘ನಿಮ್ಮ ನರಗಳಲ್ಲಿ ತ್ಯಾಜ್ಯ ತುಂಬ್ಕೊಂಡಿದೆ’ ಎಂದು ಬಿಳಿ ಕೋಟಿನವನು ಬಾಯಿ ತುಂಬ ನಕ್ಕ. ‘ಇಪ್ಪತ್ತು ಸಲ ಬಂದ್ರೆ ಎಲ್ಲಾ ಹೊರಗೆ ಹೋಗುತ್ತೆ.’

ಹಲ್ಲಕ್ಕ ಅವನ ಮಾತು ಕೇಳುತ್ತಿರಲಿಲ್ಲ. ಬಾಯಿ ನೋಡುತ್ತಿದ್ದಳು.

‘ಸ್ವಲ್ಪ ಇನ್ನೊಂದ್ ಸಲ ನಗಿ’ ಎಂದಳು.

ಅವನು ನಕ್ಕ.

‘ಮೇಲಿನ ಸಾಲು ನಾನೇ ಮಾಡಿದ್ದು. ನಾಲ್ಕು ವರ್ಷ ಆಯ್ತು. ಆಗ ನೀವು ಪರದೆ ಬಟ್ಟೆ ಮಾರ್ತಿದ್ರಿ. ಅಚ್ಚಿನ ಜೊತೆ ಬಂದ ಚೀಟಿಲಿ ಹಾಗೇ ಇತ್ತು.’

ಬಿಳಿ ಕೋಟಿನ ಬಾಯಿ ಪೆಟ್ಟಿಗೆಯ ಮುಚ್ಚಳದಂತೆ ಮುಚ್ಚಿಕೊಂಡಿತು. ಹಲ್ಲಕ್ಕ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಭಾವ ಹಿಂದೆಯೇ ಗೊಣಗುತ್ತ ಬಂದರು. ‘ಬಟ್ಟೆ ಮಾರಿದವನು ಆಮೇಲೆ ಓದಿರಬಾರ್ದಾ?’

‘ಓದಿರ್ಬಹುದು ಭಾವ. ಪರದೆ ಮೇಲೆ ಬರ್ದಿದ್ದನ್ನ.’

ಮರುದಿನವೇ ಅವಳು ದೊಡ್ಡಾಸ್ಪತ್ರೆಯ ನರರೋಗ ವಿಭಾಗದ ಬೆಂಚಿನಲ್ಲಿ ಚೀಟಿ ಹಿಡಿದು ಕೂತಿದ್ದಳು. ಒಬ್ಬಳೇ. ಎದುರು ಬೆಂಚಿನಲ್ಲೊಬ್ಬ ಮುದುಕ. ಅವನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದರೂ ಹೆಬ್ಬೆರಳು ತೋರುಬೆರಳು ಸೇರಿ ಕಾಣದ ಗುಳಿಗೆಯೊಂದನ್ನು ಹೊಸೆಯುತ್ತಿದ್ದವು. ಹೆಸರು ಕೂಗಿದಾಗ ಅವನು ಎದ್ದು, ನೆಲಕ್ಕೆ ಅಂಟಿದ ಪಾದಗಳನ್ನು ಕೀಳುವವನಂತೆ ಚಿಕ್ಕ ಚಿಕ್ಕ ಹೆಜ್ಜೆ ಹಾಕಿದ. ಚೀಟಿ ತೆಗೆದುಕೊಳ್ಳಲು ಕೈ ಚಾಚಿದ ಗಳಿಗೆಯಲ್ಲಿ ಮಾತ್ರ ಅವನ ನಡುಕ ನಿಂತಿತ್ತು. ತನ್ನದಕ್ಕೆ ತದ್ವಿರುದ್ಧ. ಇದೆಂಥಾ ವಿಚಿತ್ರವೆಂದು ಹಲ್ಲಕ್ಕ ಮೂಗಿನ ಮೇಲೆ ಬೆರಳಿಟ್ಟಳು; ನಡುಕದಲ್ಲೂ ಜಾತಿಗಳಿವೆಯೇ?

ಒಳಗಿದ್ದ ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ಇವಳಿಗೇನು ತಿಳಿದೀತು ಎಂದುಕೊಂಡೇ ಹಲ್ಲಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಆ ಡಾಕ್ಟರಮ್ಮ ಮೊದಲು ಕೈಗಳನ್ನು ಮಡಿಲಲ್ಲಿ ಬಿಡಿಸಿ ನೋಡಿದಳು. ಮುಂದಕ್ಕೆ ಚಾಚಿಸಿದಳು. ತನ್ನ ಬೆರಳ ತುದಿಯನ್ನೂ ಹಲ್ಲಕ್ಕನ ಮೂಗಿನ ತುದಿಯನ್ನೂ ಸರದಿಯ ಮೇಲೆ ಮುಟ್ಟಿಸಿದಳು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಸಿದಳು. ಅರ್ಧ ನೀರು ಮೇಜಿಗೆ. ಬಿಳಿ ಹಾಳೆಯ ಮೇಲೆ ಬಸವನಹುಳದ ಚಿಪ್ಪಿನಂತೆ ಸುರುಳಿ ಬರೆಯಲು ಹೇಳಿದಳು. ಸುರುಳಿ ಗರಗಸದ ಬಾಯಿಯಂತೆ ಬಂತು. ನಡೆಸಿದಳು, ಮಣಿಕಟ್ಟು ಹಿಡಿದು ಆಡಿಸಿದಳು, ಕತ್ತು ಮುಟ್ಟಿ ಥೈರಾಯ್ಡ್ ಪರೀಕ್ಷೆಗೆ ಬರೆದಳು. ಅರ್ಧ ಗಂಟೆ ಒಂದೇ ಒಂದು ಪೆಟ್ಟಿಗೆಯೂ ಗುಂಯ್ ಎನ್ನಲಿಲ್ಲ.

‘ಕುಡಿದ್ರೆ ಕಮ್ಮಿ ಆಗುತ್ತಾ?’

ಹಲ್ಲಕ್ಕನ ಪಿತ್ತ ನೆತ್ತಿಗೇರಿತು. ‘ನೀವೂ ಶುರು ಮಾಡಿದ್ರಾ? ನಾನು ಜನ್ಮದಲ್ಲಿ ಮುಟ್ಟಿದವಳಲ್ಲ!’

‘ಅಯ್ಯೋ, ಕುಡೀತೀರಾ ಅಂತ ಕೇಳ್ಲಿಲ್ಲಮ್ಮ. ಈ ಥರದ ನಡುಕ ಒಂದು ಗುಟುಕು ಮದ್ಯಕ್ಕೆ ಸ್ವಲ್ಪ ಹೊತ್ತು ತಗ್ಗುತ್ತೆ, ಆಮೇಲೆ ಇನ್ನೂ ಜಾಸ್ತಿ ಆಗುತ್ತೆ. ಅದಕ್ಕೇ ಎಲ್ಲರನ್ನೂ ಕೇಳೋದು. ನೀವು ಕುಡಿಯೋರಾಗಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಕೈ ನನ್ನ ಕೈಗಿಂತ ನೆಟ್ಟಗಿರ್ತಿತ್ತೇನೋ.’ ಡಾಕ್ಟರಮ್ಮ ನಕ್ಕಳು. ಮೂವತ್ತೆರಡೂ ಅವಳದೇ ಹಲ್ಲು ಎಂದು ಹಲ್ಲಕ್ಕ ಗಮನಿಸಿದಳು. ‘ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ? ಅಪ್ಪ, ಅಮ್ಮ?’

ಹಲ್ಲಕ್ಕ ಮೇಜಿನ ಮೇಲಿದ್ದ ಆ ಗರಗಸದ ಸುರುಳಿಯನ್ನು ನೋಡಿದಳು.

ಅವಳ ಅಪ್ಪ ಶಾಲೆಯ ಮೇಷ್ಟ್ರು. ಬೋರ್ಡಿನ ಮೇಲೆ ಅವರ ಅಕ್ಷರಗಳು ನಡುಗುತ್ತಿದ್ದವು. ಹುಡುಗರು ಅವರನ್ನು ‘ಬಾಟ್ಲಿ ಮೇಷ್ಟ್ರು’ ಎನ್ನುತ್ತಿದ್ದರು. ಅವರು ಸದಾ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಪಾಠ ಮಾಡುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಅವಳು ಅವರ ಕಪಾಟನ್ನು ಬುಡಮೇಲು ಮಾಡಿ ಬಾಟಲಿ ಹುಡುಕಿದ್ದಳು. ಸಿಗಲಿಲ್ಲ. ಸಿಗದಿದ್ದಕ್ಕೆ ಅಪ್ಪ ಇನ್ನೂ ಚಾಲಾಕಿ ಎಂದುಕೊಂಡಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಅಪ್ಪ ಒಂದು ಮಾತೂ ಆಡದೆ, ಬಿದ್ದಿದ್ದ ಪುಸ್ತಕಗಳನ್ನು ಆ ನಡುಗುವ ಕೈಯಿಂದಲೇ ಒಂದೊಂದಾಗಿ ಎತ್ತಿಟ್ಟಿದ್ದರು. ಆಮೇಲೆ ಅವರು ಸಾಯುವವರೆಗೂ ಅವಳು ಅವರ ಜೊತೆ ಬೇಕಾದಷ್ಟೇ ಮಾತಾಡಿದಳು.

‘ಅಪ್ಪನಿಗಿತ್ತು’ ಎಂದಳು.

‘ಅರ್ಧಕ್ಕರ್ಧ ಜನಕ್ಕೆ ಮನೆತನದಲ್ಲೇ ಬರುತ್ತೆ. ಎಸೆನ್ಶಿಯಲ್ ಟ್ರೆಮರ್ ಅಂತೀವಿ. ಕೈ ಕೆಲಸ ಮಾಡ್ತಿರುವಾಗ ನಡುಗೋದು. ಪ್ರಾಣಕ್ಕೇನೂ ಅಪಾಯ ಇಲ್ಲ. ಮನಸ್ಸಿನ ದೌರ್ಬಲ್ಯನೂ ಅಲ್ಲ, ಹೆದರಿಕೆನೂ ಅಲ್ಲ. ಮೆದುಳಿನಲ್ಲಿ ಕೈಯ ಚಲನೆನ ಹದವಾಗಿಡೋ ಕಡೆ ಒಂದು ತಾಳ ತಪ್ಪುತ್ತೆ, ಅಷ್ಟೆ. ಉದ್ವೇಗ ಆದಾಗ, ಕಾಫಿ-ಟೀ ಜಾಸ್ತಿ ಆದಾಗ, ನಿದ್ದೆ ಕೆಟ್ಟಾಗ ಹೆಚ್ಚುತ್ತೆ.’

ಹಲ್ಲಕ್ಕ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. ಪ್ಲಾಸ್ಟರ್ ಪುಡಿಗೆ ಹೀಗಾಗುತ್ತದೆ ಎಂದಳು. ಆ ಪುಡಿಯಿಂದಲೇ ತನಗೆ ಉಬ್ಬಸವೆಂದೂ, ದಿನಕ್ಕೆ ಐದಾರು ಸಲ ಪಂಪು ಎಳೆದುಕೊಳ್ಳುತ್ತೇನೆಂದೂ ಬಾಯಿಬಿಟ್ಟಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ನಡುಕಕ್ಕೆ ಮೊದಲು ಕೊಡುವ ಮಾತ್ರೆ ಉಬ್ಬಸದವರಿಗೆ ಆಗಿಬರುವುದಿಲ್ಲ, ಉಸಿರು ಕಟ್ಟಿಸೀತು. ಅಲ್ಲದೆ ಆ ಪಂಪಿನ ಔಷಧಿಯೇ ಕೈ ನಡುಕವನ್ನು ಹೆಚ್ಚಿಸುವಂಥದು. ಹಾಗಾಗಿ ಉಬ್ಬಸ ಹತೋಟಿಯಲ್ಲಿಡುವ ಬೇರೆ ಪಂಪು, ನಡುಕಕ್ಕೆ ಬೇರೆ ಮಾತ್ರೆ, ಅದೂ ಕಾಲು ಭಾಗದಿಂದ ಶುರು. ‘ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ಅರ್ಧ ಹೋದ್ರೂ ಗೆದ್ದ ಹಾಗೆ. ಯಾವ ಮಾತ್ರೆಗೂ ಬಗ್ಗದೇ ಇರೋರಿಗೆ ಮೆದುಳಿಗೆ ಸಣ್ಣ ತಂತಿ ಇಡೋ ಆಪರೇಷನ್ನೂ ಇದೆ. ನಿಮಗೆ ಅಲ್ಲಿವರೆಗೆ ಹೋಗೋದು ಬೇಡ. ಮೊದಲ ಎರಡು ದಿನ ತಲೆ ತಿರುಗುತ್ತೆ, ಮನೇಲೇ ಇರಿ.’

ಮನೆಯಲ್ಲೇ ಇರಲು ಹೇಳಿದರೆ ಹಲ್ಲಕ್ಕ ಇದ್ದಾಳೆಯೇ? ಮಾತ್ರೆ ನುಂಗಿದ ಮರುಬೆಳಿಗ್ಗೆ ಎಂದಿನಂತೆ ಕ್ಲಿನಿಕ್ಕಿಗೆ ಹೊರಟಳು. ರಸ್ತೆ ಹಡಗಿನಂತೆ ಓಲಾಡುತ್ತಿತ್ತು. ಮುಂಬಾಗಿಲ ಕಂಬ ಹಿಡಿದು ನಿಂತವಳನ್ನು ಕಾದಿದ್ದ ರೋಗಿಗಳೆಲ್ಲ ನೋಡಿದರು. ಡಾಕ್ಟರು ಹೊರಬಂದು, ಹುಳ ಬಿದ್ದ ಹಲ್ಲನ್ನು ಎಲ್ಲರಿಗೂ ತೋರಿಸುವವರಂತೆ ಅವಳತ್ತ ಕೈಮಾಡಿದರು.

‘ಬೆಳಿಗ್ಗೆ ಬೆಳಿಗ್ಗೆನೇನಮ್ಮಾ? ನನ್ನ ಕ್ಲಿನಿಕ್ಕಿನ ಮರ್ಯಾದೆ ಏನಾಗ್ಬೇಕು? ನಿಮ್ಮ ಕೆಲ್ಸ ಇನ್ಮೇಲೆ ಹೊರಗಡೆ ಮಾಡಿಸ್ತೀನಿ. ಮೆಷಿನ್ನಲ್ಲಿ ಮಾಡ್ತಾರೆ. ಮೆಷಿನ್ ಕೈ ನಡುಗಲ್ಲ.’

ಹಲ್ಲಕ್ಕ ಚೀಲದಿಂದ ಆಸ್ಪತ್ರೆಯ ಕಾಗದ ತೆಗೆದು ಅವರ ಕೈಗಿಟ್ಟಳು. ‘ಓದಿ.’

‘ಆಮೇಲೆ ನೋಡ್ತೀನಿ.’

‘ಈಗ್ಲೇ ಓದಿ. ಗಟ್ಟಿಯಾಗಿ. ನೀವೂ ಡಾಕ್ಟ್ರೇ ತಾನೆ, ಓದೋಕ್ಕೆ ಬರುತ್ತಲ್ಲ?’

ರೋಗಿಗಳ ಕಣ್ಣುಗಳೆಲ್ಲ ಡಾಕ್ಟರ ಮೇಲೆ ಬಿದ್ದವು. ಅವರು ಒಮ್ಮೆ ಕೆಮ್ಮಿ ಓದಿದರು. ರೋಗದ ಹೆಸರು, ಮಾತ್ರೆಯ ಹೆಸರು, ‘ಮೊದಲ ದಿನಗಳಲ್ಲಿ ತಲೆ ತಿರುಗಬಹುದು, ನಡಿಗೆ ತೂರಾಡಬಹುದು’ ಎಂಬ ಸಾಲು, ‘ಮದ್ಯಪಾನದ ಅಭ್ಯಾಸವಿಲ್ಲ’ ಎಂಬ ಸಾಲು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅವರ ದನಿ ಸೊಳ್ಳೆಯ ದನಿಯಾಗಿತ್ತು. ಹಲ್ಲಕ್ಕ ಕಾಗದ ಕಿತ್ತುಕೊಂಡು, ಗೋಡೆ ಹಿಡಿದುಕೊಂಡೇ, ಆದರೂ ಮಹಾರಾಣಿಯಂತೆ ಮನೆಗೆ ಹೋದಳು.

ಮಾತ್ರೆ ಮೈಗೆ ಹಿಡಿಯಲು ಆರು ವಾರ ಬೇಕಾಯಿತು. ನಡುಕ ಹೋಗಲಿಲ್ಲ, ಆದರೆ ತಲೆ ತಗ್ಗಿಸಿತು. ಉಳಿದದ್ದಕ್ಕೆ ಅವಳೇ ಉಪಾಯ ಹೂಡಿದಳು. ಚಾಕುವಿನ ಹಿಡಿಗೆ ಅಕ್ರಿಲಿಕ್ ಮೆತ್ತಿ ದಪ್ಪ ಮಾಡಿ ತೂಕ ಹೆಚ್ಚಿಸಿದಳು. ಎರಡು ಮರಳಿನ ಚೀಲ ಹೊಲಿದು ಮೊಣಕೈಗೆ ಆಸರೆ ಮಾಡಿಕೊಂಡಳು. ಎರಡನೇ ಟೀ ಬಿಟ್ಟಳು. ಅಷ್ಟರಲ್ಲಿ ಮೆಷಿನ್ನಿನ ಹಲ್ಲು ಹಾಕಿಸಿಕೊಂಡವರು ಬಾಯಿ ಹಿಡಿದುಕೊಂಡು ವಾಪಸ್ಸು ಬರತೊಡಗಿದ್ದರು. ಹಳೇ ಗಿರಾಕಿಯೊಬ್ಬರಿಗೆ ಮಾತಾಡಿದರೆ ಟಕಟಕ ಸದ್ದು. ಡಾಕ್ಟರೇ ಮನೆಗೆ ಬಂದು ಮೆಟ್ಟಿಲ ಬಳಿ ನಿಂತು, ‘ಏನೋ ಆಗ್ಹೋಯ್ತು, ಬಿಟ್ಬಿಡಿ’ ಎಂದರು. ಹಲ್ಲಕ್ಕ ಬಿಟ್ಟುಬಿಡಲಿಲ್ಲ. ಕ್ಲಿನಿಕ್ಕಿನ ಮುಂದಿನ ಫಲಕದಲ್ಲಿ ‘ಹಲ್ಲು ಕಟ್ಟುವವರು’ ಎಂದು ತನ್ನ ಹೆಸರನ್ನೂ ಬರೆಸಿದ ಮೇಲೆಯೇ ಕೋಣೆಯ ಬೀಗ ತೆಗೆದಳು.

ಭಾವ ಇದನ್ನೆಲ್ಲ ನೋಡುತ್ತಿದ್ದರು, ಆದರೆ ಮೆಚ್ಚಿಕೊಳ್ಳಲಿಲ್ಲ. ‘ಮಾತ್ರೆ ಬಿಟ್ಟ ದಿನ ಗೊತ್ತಾಗುತ್ತೆ’ ಎಂದರು. ಅವರ ಮಾತು ಈಚೆಗೆ ತೀರಾ ಮೆಲ್ಲಗಾಗಿತ್ತು, ಬೈಗುಳವೂ ಎರಡು ಸಲ ಕೇಳಿಸಿಕೊಳ್ಳುವಂತೆ. ಒಂದು ದಿನ ಅವರು ಅಡುಗೆಮನೆಯಲ್ಲಿ ಕೂತು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಹಲ್ಲಕ್ಕ ಬಗ್ಗಿ ನೋಡಿದಳು. ಒಂದು ಕಾಲಕ್ಕೆ ಗುಂಡುಗುಂಡಾಗಿ ಬರೆಯುತ್ತಿದ್ದ ಇನ್‌ಸ್ಪೆಕ್ಟರ ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಇರುವೆಗಿಂತ ಸಣ್ಣದಾಗಿತ್ತು. ಎಡಗೈಯನ್ನು ತೊಡೆಯ ಕೆಳಗೆ ಅವುಚಿಟ್ಟುಕೊಂಡಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಪಕ್ಕದಲ್ಲೇ ಇದ್ದ ಮನುಷ್ಯ ಮೂಗು ಸಹ ಆಡಿಸಿರಲಿಲ್ಲ.

‘ಭಾವ, ಆ ಕೈ ಮೇಲೆ ತಗೀರಿ.’

‘ಯಾಕೆ?’

‘ಮಡಿಲಲ್ಲಿಟ್ಕೊಂಡು ಸುಮ್ನೆ ಕೂತ್ಕೊಳ್ಳಿ. ಎರಡು ನಿಮಿಷ.’

‘ನೀನು ಯಾವಾಗ ಡಾಕ್ಟ್ರಾದೆ?’

‘ಪರದೆ ಮಾರೋನು ಆಗ್ಬಹುದಾದ್ರೆ ನಾನು ಆಗ್ಬಾರ್ದಾ? ತಗೀರಿ.’

ಭಾವ ಕೈ ತೆಗೆದು ಮಡಿಲಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು, ಆಸ್ಪತ್ರೆಯ ಬೆಂಚಿನ ಮುದುಕನದರಂತೆ, ತಾನಾಗಿ ಕಾಣದ ಗುಳಿಗೆ ಹೊಸೆಯತೊಡಗಿತು. ಅವರು ಅದನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

‘ಎಷ್ಟು ದಿನದಿಂದ?’

‘ವರ್ಷದ ಮೇಲಾಯ್ತು’ ಎಂದರು ಭಾವ. ತಡೆದು, ‘ನಿನಗೆ ಕೊಟ್ಟ ಚೆಂಡು ಮೊದ್ಲು ನಾನು ಹಿಚುಕಿದ್ದು. ಬಳೆನೂ ಹಾಕ್ಕೊಂಡು ನೋಡಿದ್ದೆ. ಆ ಕೇಂದ್ರಕ್ಕೆ ಹನ್ನೊಂದ್ ಸಲ ಹೋಗಿದ್ದೆ. ನಿನ್ನ ಕೈಗಾದ್ರೂ ಹಿಡಿದ್ರೆ, ನನಗೂ ಹಿಡಿಯುತ್ತೆ ಅಂತ...’

ಹಲ್ಲಕ್ಕನ ನಾಲಿಗೆಯ ತುದಿಗೆ ನಾಲ್ಕು ಮಾತು ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಹರಿತ. ಅಷ್ಟು ದಿನ ತನ್ನನ್ನು ಪ್ರಯೋಗದ ಇಲಿ ಮಾಡಿಕೊಂಡವನ ಮೇಲೆ ಎಸೆಯಲು ಅವುಗಳಿಗೆ ಪೂರ್ತಿ ಹಕ್ಕೂ ಇತ್ತು. ಆದರೆ ತನ್ನ ಬೆರಳಿಗೆ ತಾನೇ ಹೆದರಿ ಕೂತ ಮನುಷ್ಯನ ಮುಖ ನೋಡಿ ಅವನ್ನೆಲ್ಲ ನುಂಗಿದಳು. ‘ನಾಳೆ ಎಂಟು ಗಂಟೆಗೆ ರೆಡಿಯಾಗಿರಿ’ ಎಂದಷ್ಟೇ ಹೇಳಿದಳು. ‘ಚೀಟಿ ಸಾಲು ಉದ್ದ ಇರುತ್ತೆ. ಅಲ್ಲಿ ತೂಕ-ಅಳತೆ ಇಲಾಖೆ ಅಂತ ಗದರಿಸಿದ್ರೆ ಯಾರೂ ಮುಂದೆ ಬಿಡಲ್ಲ.’

ಡಾಕ್ಟರಮ್ಮ ಭಾವನ ಮಣಿಕಟ್ಟು ತಿರುಗಿಸಿ, ಬೆರಳಿಗೆ ಬೆರಳು ತಟ್ಟಿಸಿ, ಉದ್ದದ ಓಣಿಯಲ್ಲಿ ನಡೆಸಿ ನೋಡಿದಳು. ನಡೆಯುವಾಗ ಅವರ ಎಡಗೈ ಬೀಸುತ್ತಲೇ ಇರಲಿಲ್ಲ, ಪಕ್ಕಕ್ಕೆ ಅಂಟಿಸಿದ ಹಾಗಿತ್ತು. ಇದು ಪಾರ್ಕಿನ್ಸನ್ ಎಂದಳು. ವಾಸಿಯಾಗುವಂಥದಲ್ಲ, ಆದರೆ ಮೆದುಳಿಗೆ ಕಡಿಮೆಯಾಗಿರುವ ರಾಸಾಯನಿಕವನ್ನು ಮಾತ್ರೆಯಿಂದ ತುಂಬಬಹುದು, ಹೊತ್ತಿಗೆ ಸರಿಯಾಗಿ ನುಂಗಿ ದಿನಾ ವ್ಯಾಯಾಮ ಮಾಡಿದರೆ ಬಹಳ ವರ್ಷ ಚೆನ್ನಾಗಿ ಓಡಾಡಿಕೊಂಡಿರಬಹುದು ಎಂದಳು. ಭಾವ ಒಂದೊಂದಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು: ‘ನಿಮ್ಮಕ್ಕನಿಗೆ ಹೇಳ್ಬೇಡ.’

‘ಹೇಳ್ತೀನಿ’ ಎಂದಳು ಹಲ್ಲಕ್ಕ. ‘ನಮ್ಮಪ್ಪ ಹೇಳ್ದೇ ಇದ್ದು ಏನಾಯ್ತು ಅಂತ ನನಗೆ ಗೊತ್ತು.’

ಅಕ್ಕ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು. ಹಲ್ಲಕ್ಕ ಒಂದನ್ನೂ ಬಿಡದೆ ಹೇಳಿದಳು: ಕೈ, ಅಕ್ಷರ, ವಾಸನೆ ಹಿಡಿಯದ ಮೂಗು, ತಗ್ಗಿದ ದನಿ. ಡಾಕ್ಟರಮ್ಮ ಹೇಳಿದ ಹಾಗೆ ಈ ರೋಗದಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ, ಒಳಗೆ ಎಷ್ಟೇ ಖುಷಿಯಿದ್ದರೂ ಮುಖ ಗಂಟಿಕ್ಕಿದಂತೆಯೇ ಕಾಣುತ್ತದೆ, ಅದು ಅವರ ಕೈಲಿಲ್ಲ ಎಂದಳು. ಭಾವ ಬಾಗಿಲ ಬಳಿ, ಸಿಕ್ಕಿಬಿದ್ದ ಅಂಗಡಿಯವನಂತೆ ನಿಂತಿದ್ದರು.

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

‘ಹಾಗಾದ್ರೆ ಈ ಒಂದು ವರ್ಷ ನನ್ನ ಮೇಲೆ ಸಿಟ್ಟಲ್ವಾ?’ ಎಂದು ಕೇಳಿದಳು ಗಂಡನನ್ನು. ‘ನಾನೇನು ತಪ್ಪು ಮಾಡಿದೆ ಅಂತ ದಿನಾ ಯೋಚ್ನೆ ಮಾಡ್ತಿದ್ದೆ.’

‘ಸಿಟ್ಟಾ?’ ಎಂದರು ಭಾವ, ಆ ಮೆಲುದನಿಯಲ್ಲಿ. ‘ಯಾವ ಸಿಟ್ಟು?’

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಅವರ ಎಡಗೈ ಹಿಡಿದುಕೊಂಡಳು. ಹಲ್ಲಕ್ಕ ಅರ್ಧ ಒರೆಸಿದ ತಟ್ಟೆಯನ್ನು ಒರೆಸಿ ಗೂಡಿನಲ್ಲಿಟ್ಟು, ಅವರಿಬ್ಬರನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದಳು.